ಗಿಡ ನೆಡುವ ಮೊದಲು ಕರೆಂಟ್ ಬಿಲ್ ತೆಗೆಯಿರಿ

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಮಹಾಪೌರರಿಗೆ, ಆಯುಕ್ತರಿಗೆ, ಹಾಗೂ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಉದ್ಯಮ ಮತ್ತು ವ್ಯಾಪಾರ ಸಂಘಗಳ ಪದಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಒಂದು ಸಂಸ್ಥೆ ವಾತಾವರಣಕ್ಕೆ ಎಷ್ಟು ಇಂಗಾಲ (ಅಂದರೆ ಭೂಮಿಯನ್ನು ಬಿಸಿ ಮಾಡುವ ಇಂಗಾಲದ ಡೈಆಕ್ಸೈಡ್) ಬಿಡುತ್ತದೆ ಎಂದು ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಲೆಕ್ಕ ಆದ ಮೇಲೆ ಎಲ್ಲಿ ಕಡಿಮೆ ಮಾಡಬಹುದು, ಉಳಿದದ್ದಕ್ಕೆ ಏನು ಮಾಡಬೇಕು ಎಂದೂ ಕೂತು ಮಾತಾಡುತ್ತೇವೆ. ಗೋಕುಲ ರಸ್ತೆಯ ಶೆಡ್‌ಗಳು, ತಾರಿಹಾಳದ ಕಾರ್ಖಾನೆಗಳು, ಧಾರವಾಡದ ಹಾಸ್ಟೆಲ್‌ಗಳು, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳು, ಗದಗಿನ ಪ್ರಿಂಟಿಂಗ್ ಪ್ರೆಸ್‌ಗಳು ನಾನು ಓಡಾಡುವ ಜಾಗಗಳು. ಈ ಪತ್ರಕ್ಕೆ ಕಾರಣ ಒಂದೇ. ನಮ್ಮ ಭಾಗದ ಸಣ್ಣ ಉದ್ಯಮಗಳಿಗೆ ಈ ಲೆಕ್ಕ ಈಗ ಬೇಕೇ ಬೇಕಾಗಿದೆ. ಆದರೆ ಅದನ್ನು ಮಾಡಿಸಲು ಅವರ ಹತ್ತಿರ ದುಡ್ಡೂ ಇಲ್ಲ, ಜನರೂ ಇಲ್ಲ. ಒಬ್ಬೊಬ್ಬರೇ ಮಾಡಲು ಹೊರಟರೆ ಆಗುವ ಕೆಲಸವೂ ಅಲ್ಲ. ಎಲ್ಲರೂ ಸೇರಿ ಮಾಡಬೇಕು, ಅದಕ್ಕೆ ನೀವು ಮುಂದೆ ಬರಬೇಕು.

ಈಗಲೇ ಯಾಕೆ? ಮಾಲು ಕೊಳ್ಳುವವರು ಕೇಳಲು ಶುರು ಮಾಡಿದ್ದಾರೆ. ಷೇರು ಪೇಟೆಯಲ್ಲಿರುವ ದೇಶದ ದೊಡ್ಡ 1,000 ಕಂಪನಿಗಳು 2022-23ರಿಂದ, ಷೇರು ಪೇಟೆಯ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ, ತಮ್ಮ ಪರಿಸರದ ಲೆಕ್ಕವನ್ನು ಕಡ್ಡಾಯವಾಗಿ ಹೊರಗಿಡಬೇಕು. ಅಂಥ ಕಂಪನಿಗಳ ಒಟ್ಟು ಇಂಗಾಲದಲ್ಲಿ ಎಷ್ಟೋ ಪಾಲು ಅವರ ಸ್ವಂತ ಕಾರ್ಖಾನೆಯಲ್ಲಿ ಹುಟ್ಟುವುದಿಲ್ಲ. ಅವರಿಗೆ ಬಿಡಿಭಾಗ ಮಾಡಿಕೊಡುವವರಲ್ಲಿ ಹುಟ್ಟುತ್ತದೆ. ಹಾಗಾಗಿ ಅವರು ಹುಬ್ಬಳ್ಳಿಯ ವಾಲ್ವ್ ಮಾಡುವವರನ್ನು, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದವರನ್ನು ಕೇಳುತ್ತಾರೆ: ನಿಮ್ಮ ಒಂದು ಟನ್ ಮಾಲಿನ ಹಿಂದೆ ಎಷ್ಟು ಇಂಗಾಲ ಇದೆ?

ಯುರೋಪಿಗೆ ಮಾಲು ಕಳಿಸುವವರಿಗೆ ಇದು ಇನ್ನೂ ಬಿಗಿ. ಹೊರಗಿನಿಂದ ಬರುವ ಮಾಲಿನ ಹಿಂದಿರುವ ಇಂಗಾಲಕ್ಕೆ ಹಾಕುವ ಅಲ್ಲಿನ ಗಡಿ ಇಂಗಾಲ ಸುಂಕ 2023ರ ಅಕ್ಟೋಬರ್‌ನಲ್ಲಿ ಶುರುವಾದಾಗ ಬರೀ ವರದಿ ಕೇಳುತ್ತಿತ್ತು. 2026ರ ಜನವರಿ 1ರಿಂದ ಅದು ದುಡ್ಡಿನ ಮಾತಾಗಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ಜಲಜನಕ, ವಿದ್ಯುತ್ ಅದರ ಪಟ್ಟಿಯಲ್ಲಿವೆ. ಉಕ್ಕು ಅಂದರೆ ದೊಡ್ಡ ಉಕ್ಕಿನ ಸ್ಥಾವರ ಮಾತ್ರ ಎಂದುಕೊಳ್ಳಬೇಡಿ. ಬೋಲ್ಟ್, ನಟ್, ಸ್ಕ್ರೂ, ಪೈಪ್ ಕೂಡ ಅದರಲ್ಲಿ ಸೇರಿವೆ. ನಾವು ನಿಜವಾದ ಅಂಕಿ ಕೊಡದಿದ್ದರೆ ಅವರೇ ಒಂದು ಅಂಕಿ ಹಿಡಿಯುತ್ತಾರೆ. ಅದು ಬೇಕೆಂದೇ ಜಾಸ್ತಿ ಇಟ್ಟ ಅಂಕಿ. ಅಂದರೆ ಲೆಕ್ಕ ಇಡದವನ ಮಾಲಿಗೆ ಅವನು ಬಿಡದ ಹೊಗೆಗೂ ಸುಂಕ ಬೀಳುತ್ತದೆ.

ಹೀಗೆ ಬರುವ ಫಾರಂಗಳನ್ನು ಹಿಡಿದುಕೊಂಡು ಶೆಡ್ ಮಾಲೀಕರು ನನ್ನ ಹತ್ತಿರ ಬರುತ್ತಾರೆ. ಅದು ಇಂಗ್ಲಿಷ್‌ನಲ್ಲಿರುತ್ತದೆ. ಸ್ಕೋಪ್ 1, ಸ್ಕೋಪ್ 2, ಸ್ಕೋಪ್ 3 ಎಂದು ಖಾನೆಗಳಿರುತ್ತವೆ. ಕೊನೆಯ ದಿನಾಂಕ ಮುಂದಿನ ವಾರ ಇರುತ್ತದೆ. "ನಮ್ಮಲ್ಲಿ ಹೊಗೀನ ಬರೂದಿಲ್ರಿ. ಎಲ್ಲಾ ಕರೆಂಟ್ ಮ್ಯಾಲೇ ನಡೀತದ. ಇದ್ರಾಗ ಕಾರ್ಬನ್ ಎಲ್ಲಿಂದ ಬರ್ತದ್ರಿ?" ಇದು ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ. ಕೇಳುವವರು ದಡ್ಡರಲ್ಲ. ಲೇತ್ ಮುಂದೆ ನಿಂತರೆ ಮಿಲಿಮೀಟರಿನ ನೂರನೇ ಒಂದು ಭಾಗದ ನಿಖರತೆಯಲ್ಲಿ ಕೆಲಸ ಮಾಡುವ ಜನ ಇವರು. ಅವರಿಗೆ ಅವರ ಭಾಷೆಯಲ್ಲಿ ಯಾರೂ ಇದನ್ನು ಹೇಳಿಲ್ಲ, ಅಷ್ಟೇ.

ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ. ಹೊಗೆ ನಿಮ್ಮ ಶೆಡ್ಡಿನಲ್ಲಿ ಬರುವುದಿಲ್ಲ, ನಿಜ. ಅದು ರಾಯಚೂರಿನಲ್ಲಿ ಬರುತ್ತದೆ, ಬಳ್ಳಾರಿಯ ಕುಡತಿನಿಯಲ್ಲಿ ಬರುತ್ತದೆ, ವಿಜಯಪುರದ ಕೂಡಗಿಯಲ್ಲಿ ಬರುತ್ತದೆ. ಅಲ್ಲೆಲ್ಲ ಕಲ್ಲಿದ್ದಲು ಸುಟ್ಟು ಕರೆಂಟ್ ಮಾಡುತ್ತಾರೆ. ನಮ್ಮ ಕರ್ನಾಟಕದಲ್ಲಿ ಜಲವಿದ್ಯುತ್ ಇದೆ, ಸೋಲಾರ್ ಇದೆ, ಗಾಳಿ ಇದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಒಳ್ಳೆಯ ವಾದವೇ. ಆದರೆ ತಂತಿಯಲ್ಲಿ ಹರಿಯುವ ಕರೆಂಟಿಗೆ ಜಿಲ್ಲೆ, ರಾಜ್ಯ ಗೊತ್ತಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಲೈನ್ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜಾಲಕ್ಕೆ ಸೇರಿತು. ಅಂದಿನಿಂದ ಇಡೀ ದೇಶಕ್ಕೆ ಒಂದೇ ಜಾಲ. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಜಾಲದ ಸರಾಸರಿ ಅಂಕಿಯನ್ನು ಪ್ರಕಟಿಸುತ್ತದೆ. ಒಂದು ಯೂನಿಟ್‌ಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಹೆಸ್ಕಾಂ ಬಿಲ್ಲಿನಲ್ಲಿರುವ ಯೂನಿಟ್ಟನ್ನು ಇದರಿಂದ ಗುಣಿಸಿದರೆ ಸ್ಕೋಪ್ 2ರ, ಅಂದರೆ ಕೊಂಡ ಕರೆಂಟಿನ, ಖಾನೆ ತುಂಬಿತು.

ಸ್ಕೋಪ್ 1 ಅಂದರೆ ನಾವೇ ಸುಡುವುದು. ಜನರೇಟರ್‌ಗೆ ಹಾಕುವ ಡೀಸೆಲ್, ಕಂಪನಿಯ ಗಾಡಿಗಳು, ಅಡುಗೆ ಮನೆಯ ಗ್ಯಾಸ್. ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕಿಲೋ, ಪೆಟ್ರೋಲ್‌ಗೆ 2.3 ಕಿಲೋ, ಒಂದು ಕಿಲೋ ಎಲ್‌ಪಿಜಿಗೆ 3 ಕಿಲೋ. ಇಲ್ಲಿ ಯಾವಾಗಲೂ ಒಬ್ಬರು ನನ್ನನ್ನು ತಡೆಯುತ್ತಾರೆ. ಲೀಟರ್ ಡೀಸೆಲ್ ತೂಗುವುದೇ 830 ಗ್ರಾಂ, ಅದರಿಂದ 2.7 ಕಿಲೋ ಹೇಗೆ ಬರುತ್ತದೆ? ಉರಿಯುವಾಗ ಡೀಸೆಲ್‌ನಲ್ಲಿರುವ ಇಂಗಾಲ ಗಾಳಿಯಿಂದ ಆಮ್ಲಜನಕ ಎಳೆದುಕೊಳ್ಳುತ್ತದೆ. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ ಆಗುತ್ತದೆ. ಹೆಚ್ಚಿನ ತೂಕ ಗಾಳಿಯದು. ಇದನ್ನು ಒಮ್ಮೆ ಬಿಡಿಸಿ ಹೇಳಿದರೆ ಆಮೇಲೆ ಯಾರೂ ಅಂಕಿಗಳನ್ನು ಅನುಮಾನದಿಂದ ನೋಡುವುದಿಲ್ಲ.

ಒಂದು ಮಧ್ಯಮ ಶೆಡ್ಡನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ತಿಂಗಳಿಗೆ 8,000 ಯೂನಿಟ್ ಕರೆಂಟ್, 300 ಲೀಟರ್ ಡೀಸೆಲ್, ಕ್ಯಾಂಟೀನಿಗೆ 19 ಕಿಲೋದ 6 ಸಿಲಿಂಡರ್. ವರ್ಷಕ್ಕೆ ಕರೆಂಟಿನಿಂದ 67 ಟನ್, ಡೀಸೆಲ್‌ನಿಂದ ಹತ್ತಿರ ಹತ್ತಿರ 10 ಟನ್, ಗ್ಯಾಸಿನಿಂದ 4 ಟನ್. ಒಟ್ಟು 81 ಟನ್. ಒಂದು ಹಾಳೆಯಲ್ಲಿ ಮುಗಿಯುವ ಲೆಕ್ಕ ಇದು. ಮಾಲೀಕರು ಜನರೇಟರ್ ಹೊಗೆಯನ್ನೇ ದೊಡ್ಡದು ಎಂದುಕೊಂಡಿರುತ್ತಾರೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದೊಂದೇ. ಲೆಕ್ಕ ಹಾಕಿದಾಗ ಕರೆಂಟ್ ಅದರ ಏಳು ಪಟ್ಟು ಇರುತ್ತದೆ.

ಆಮೇಲೆ ಸ್ಕೋಪ್ 3 ಬರುತ್ತದೆ. ಕೊಳ್ಳುವ ಕಚ್ಚಾ ಮಾಲು, ಸಾಗಣೆ, ಕೆಲಸಗಾರರು ಬಂದು ಹೋಗುವುದು, ಕಸ, ಮಾರಿದ ಮೇಲೆ ಮಾಲಿನ ಬಳಕೆ ಎಲ್ಲವೂ ಇದರಲ್ಲಿ. ಇದೇ ಶೆಡ್ ವರ್ಷಕ್ಕೆ 100 ಟನ್ ಉಕ್ಕು ಕೊಳ್ಳುತ್ತದೆ ಎಂದುಕೊಳ್ಳಿ. ಭಾರತದಲ್ಲಿ ಒಂದು ಟನ್ ಉಕ್ಕು ಮಾಡಲು ಸರಾಸರಿ 2.5 ಟನ್‌ನಷ್ಟು ಇಂಗಾಲ ಹೊರಬರುತ್ತದೆ. ಅಲ್ಲಿಗೆ 250 ಟನ್ ಆಯಿತು. ಶೆಡ್ಡಿನೊಳಗಿನ ಎಲ್ಲ ಲೆಕ್ಕದ ಮೂರು ಪಟ್ಟು. ಹಾಗಾದರೆ ಆ ಮಾಲೀಕ ಮೊದಲು ಮಾಡಬೇಕಾದ ಕೆಲಸ ಸೋಲಾರ್ ಹಾಕಿಸುವುದಲ್ಲ, ತುಂಡು ಉಕ್ಕು ಹಾಳಾಗದಂತೆ ನೋಡಿಕೊಳ್ಳುವುದು! ಕಟಿಂಗ್ ಸರಿಯಾಗಿ ಯೋಜಿಸಿ 100 ಟನ್‌ನಲ್ಲಿ 5 ಟನ್ ಉಳಿಸಿದರೆ 12 ಟನ್ ಇಂಗಾಲ ಉಳಿಯಿತು, ಉಕ್ಕಿನ ದುಡ್ಡೂ ಉಳಿಯಿತು.

ಗದಗಿನ ಪ್ರೆಸ್‌ಗಳದ್ದೂ ಇದೇ ಕಥೆ. ಅಲ್ಲಿ ಯಂತ್ರಕ್ಕಿಂತ ಕಾಗದದ ಪಾಲು ದೊಡ್ಡದು. ಧಾರವಾಡದ ಪೇಡೆ ಮಾಡುವವರಲ್ಲಿ ಒಲೆಯ ಉರಿಗಿಂತ ಹಾಲಿನ ಪಾಲು ದೊಡ್ಡದು, ಎಮ್ಮೆ ಮೆಲುಕು ಹಾಕುವಾಗ ಮೀಥೇನ್ ಬಿಡುತ್ತದೆ, ಅದೂ ಭೂಮಿಯನ್ನು ಬಿಸಿ ಮಾಡುವ ಅನಿಲವೇ. ಎಮ್ಮೆ ಸಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಸೆಗಣಿಯನ್ನು ಗೋಬರ್ ಗ್ಯಾಸ್‌ಗೆ ಹಾಕಿದರೆ ಅದರಿಂದ ಬರುವ ಮೀಥೇನಾದರೂ ಒಲೆಗೆ ಹೋಗುತ್ತದೆ.

ಇನ್ನು ಕಡಿಮೆ ಮಾಡುವುದು. ನನಗೆ ಅತಿ ಇಷ್ಟವಾದ ಭಾಗ ಇದು. ಇಲ್ಲಿ ಒಂದು ರೂಪಾಯಿ ಹಾಕಿದರೆ ಪರಿಸರಕ್ಕೂ ಲಾಭ, ಮಾಲೀಕನಿಗೂ ಲಾಭ. ಮತ್ತೆ ಇಲ್ಲಿಯೇ ನಮ್ಮವರು ಕಡಿಮೆ ಗಮನ ಕೊಡುತ್ತಾರೆ.

ಭಾನುವಾರ ಯಂತ್ರಗಳೆಲ್ಲ ನಿಂತಾಗ ಶೆಡ್ಡಿನೊಳಗೆ ಹೋಗಿ ಕಂಪ್ರೆಸರ್ ಮಾತ್ರ ಚಾಲೂ ಮಾಡಿ. ಸುಮ್ನೆ ನಿಂತು ಕೇಳಿ. ಎಲ್ಲ ಕಡೆಯಿಂದ ಸುಯ್ ಎನ್ನುವ ಸದ್ದು ಬರುತ್ತದೆ. ಅದು ಸೋರುವ ಗಾಳಿ. ಸರಿಯಾಗಿ ನೋಡಿಕೊಳ್ಳದ ಕಾರ್ಖಾನೆಗಳಲ್ಲಿ ಕಂಪ್ರೆಸರ್ ತಯಾರಿಸಿದ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಹೀಗೇ ಹೋಗುತ್ತದೆ. 7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತೊಂದು ಇದ್ದರೆ ಹತ್ತಿರ ಹತ್ತಿರ 3 ಕಿಲೋವಾಟ್ ವಿದ್ಯುತ್ ಹಾಳು. ದಿನಕ್ಕೆ 16 ಗಂಟೆ, ವರ್ಷಕ್ಕೆ 300 ದಿನ ಎಂದರೆ 14,400 ಯೂನಿಟ್. ಇಂಗಾಲ 10 ಟನ್. ಯೂನಿಟ್‌ಗೆ 7 ರೂಪಾಯಿ ಹಿಡಿದರೂ ಒಂದು ಲಕ್ಷ ರೂಪಾಯಿ. ಅದನ್ನು ಮುಚ್ಚಲು ಬೇಕಾಗುವುದು ಒಂದು ಕ್ಲಾಂಪು, ಒಂದು ಹೊಸ ಹೋಸ್ ಪೈಪು. ಇನ್ನೊಂದು ಮಾತು. ಬೇಕಾಗಿರುವುದು 6 ಬಾರ್ ಆದರೂ 7ಕ್ಕೆ ಇಟ್ಟಿರುತ್ತಾರೆ, ಇರಲಿ ಅಂತ. ಒಂದು ಬಾರ್ ಇಳಿಸಿದರೆ ಕಂಪ್ರೆಸರ್ ಎಳೆಯುವ ಕರೆಂಟಿನಲ್ಲಿ ಶೇ 6ರಿಂದ 10 ಉಳಿಯುತ್ತದೆ. ಇದಕ್ಕೆ ಒಂದು ಪೈಸೆಯೂ ಬೇಡ.

ಮೋಟರುಗಳದ್ದು ಬೇರೆ ಕಥೆ. ಸುಟ್ಟ ಮೋಟರನ್ನು ರಿವೈಂಡಿಂಗ್ ಮಾಡಿಸಿ ಮತ್ತೆ ಹಾಕುವುದು ನಮ್ಮಲ್ಲಿ ರೂಢಿ. ಹೊಸದಕ್ಕಿಂತ ಅಗ್ಗ, ಸಂಜೆಯೊಳಗೆ ಕೆಲಸ ಶುರು. ಆದರೆ ರಿವೈಂಡಿಂಗ್ ಸರಿಯಾಗಿ ಆಗದಿದ್ದರೆ ಪ್ರತಿ ಸಲ ಅದರ ದಕ್ಷತೆ ಶೇ 1ರಿಂದ 2 ಇಳಿಯುತ್ತದೆ. 10 ಎಚ್‌ಪಿ ಮೋಟರು ಎರಡು ಪಾಳಿ ಪೂರ್ತಿ ಹೊರೆಯಲ್ಲಿ ಓಡಿದರೆ ವರ್ಷಕ್ಕೆ 40,000 ಯೂನಿಟ್ ತಿನ್ನುತ್ತದೆ. ಅದರ ಒಂದು ವರ್ಷದ ಕರೆಂಟ್ ಬಿಲ್ಲು ಅದರ ಖರೀದಿ ಬೆಲೆಯ ಹಲವು ಪಟ್ಟು. ಮೂರು ನಾಲ್ಕು ಸಲ ಸುತ್ತಿಸಿದ ಹಳೆ ಮೋಟರನ್ನು ತೆಗೆದು ಹೆಚ್ಚು ದಕ್ಷತೆಯ ಐಇ3 ದರ್ಜೆಯ ಹೊಸ ಮೋಟರು ಹಾಕುವುದು ಖರ್ಚಲ್ಲ, ಉಳಿತಾಯ.

ಬ್ಯಾಡಗಿಗೆ ಬರೋಣ. ಫೆಬ್ರವರಿ, ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬಂದು ಬೀಳುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಇರುವುದೇ ಬಣ್ಣಕ್ಕೆ, ಆ ಬಣ್ಣ ಉಳಿಯಲು ತಂಪು ಬೇಕು. ಹಾಗಾಗಿ ಬೇಸಿಗೆ ಪೂರ್ತಿ ಕೋಲ್ಡ್ ಸ್ಟೋರೇಜಿನ ಯಂತ್ರಗಳು ನಿಲ್ಲದೆ ಓಡುತ್ತವೆ. ಲೋಡಿಂಗ್ ನಡೆಯುವಾಗ ಬಾಗಿಲು ಗಂಟೆಗಟ್ಟಲೆ ತೆಗೆದಿರುತ್ತದೆ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಇದ್ದರೂ ಅಡ್ಡ ಬರುತ್ತದೆ ಎಂದು ಎತ್ತಿ ಕಟ್ಟಿರುತ್ತಾರೆ. ಬೋರ್‌ವೆಲ್‌ನ ಗಡಸು ನೀರಿನಿಂದ ಕಂಡೆನ್ಸರ್ ಕೊಳವೆಗಳಲ್ಲಿ ಉಪ್ಪಿನ ಪದರ ಕಟ್ಟುತ್ತದೆ, ಪದರ ಕಟ್ಟಿದಷ್ಟೂ ಯಂತ್ರ ಜಾಸ್ತಿ ಕರೆಂಟ್ ಎಳೆಯುತ್ತದೆ. ಪರದೆ ಇಳಿಬಿಡುವುದು, ಕಂಡೆನ್ಸರ್ ತೊಳೆಸುವುದು, ಗೋಡೆಯ ನಿರೋಧಕ ಪದರದಲ್ಲಿ ಬಿಟ್ಟ ಬಿರುಕು ಮುಚ್ಚುವುದು ದೊಡ್ಡ ತಂತ್ರಜ್ಞಾನವೇನಲ್ಲ. ಹಮಾಲರಿಗೂ ಇದನ್ನು ವಿವರಿಸಬೇಕು. ಪರದೆ ಅವರ ಕೆಲಸಕ್ಕೆ ಅಡ್ಡ ಬರುತ್ತಿದ್ದರೆ ಬಾಗಿಲಿನ ಅಗಲ, ಗಾಡಿಯ ದಾರಿ ಬದಲಿಸಬೇಕು. ಅವರನ್ನು ಬೈದು ಪ್ರಯೋಜನ ಇಲ್ಲ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಅಮೋನಿಯಾದಿಂದ ನಡೆಯುವ ಕೋಲ್ಡ್ ಸ್ಟೋರೇಜಿನಲ್ಲಿ ಅನಿಲ ಸೋರಿದರೆ ಜೀವಕ್ಕೇ ಅಪಾಯ. ಆದರೆ ಭೂಮಿಯನ್ನು ಬಿಸಿ ಮಾಡುವ ಲೆಕ್ಕದಲ್ಲಿ ಅಮೋನಿಯಾ ಸೊನ್ನೆ. ಅದೇ ಕಟ್ಟಡದ ಆಫೀಸಿನಲ್ಲಿರುವ ಎಸಿ ನೋಡಿ. ಅದರಲ್ಲಿ ಆರ್-410ಎ ಎಂಬ ಅನಿಲ ಇದ್ದು, ಒಂದು ಕಿಲೋ ಸೋರಿದರೆ 2 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು. ಪ್ರತಿ ಬೇಸಿಗೆಗೆ ಗ್ಯಾಸ್ ತುಂಬಿಸುವ ಎಸಿ ಅಂದರೆ ಪ್ರತಿ ವರ್ಷ ಸೋರುವ ಎಸಿ. ಸೋರುವ ಜಾಗ ಹುಡುಕಿ ಬೆಸುಗೆ ಹಾಕದೆ ಬರೀ ಗ್ಯಾಸ್ ತುಂಬುವ ಮೆಕ್ಯಾನಿಕ್ಕಿಗೆ ಹಣ ಕೊಡಬೇಡಿ. ಹೊಸ ಎಸಿ ಕೊಳ್ಳುವವರು ಆರ್-32 ಇರುವುದನ್ನು ಕೊಂಡರೆ ಈ ಹೊರೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆರ್-290 ಇದ್ದರೆ ಇನ್ನೂ ಒಳ್ಳೆಯದು, ಅದರ ಹೊರೆ ಇಲ್ಲವೆನ್ನುವಷ್ಟು ಕಡಿಮೆ.

ಕೆಲಸಗಾರರ ಓಡಾಟವನ್ನೂ ಬಿಡಬಾರದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ 22 ಕಿಲೋಮೀಟರ್ ಹಿಡಿಯೋಣ. ಒಬ್ಬರೇ ಕಾರಿನಲ್ಲಿ ಹೋದರೆ, ಲೀಟರಿಗೆ 15 ಕಿಲೋಮೀಟರ್ ಎಂದರೂ, 3.4 ಕಿಲೋ ಇಂಗಾಲ. ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ವ್ಯವಸ್ಥೆಯ ಚಿಗರಿ ಬಸ್ಸು ಡೀಸೆಲ್‌ನದ್ದೇ ಆಗಿದ್ದರೂ, ಲೀಟರಿಗೆ 3 ಕಿಲೋಮೀಟರ್ ಮಾತ್ರ ಕೊಟ್ಟರೂ, 50 ಜನ ಕೂತಿದ್ದರೆ ತಲೆಗೆ 400 ಗ್ರಾಂ. ಎಂಟು ಪಟ್ಟು ವ್ಯತ್ಯಾಸ. ಬಿಆರ್‌ಟಿಎಸ್ ಬಗ್ಗೆ ಊರಿನಲ್ಲಿ ನೂರು ತಕರಾರುಗಳಿವೆ, ಕೆಲವು ನ್ಯಾಯವಾದವೂ ಹೌದು. ಆದರೆ ಅವಳಿ ನಗರಕ್ಕೆ ಇಂಥ ಒಂದು ದಾರಿ ಸಿಕ್ಕಿದೆ. ಧಾರವಾಡದ ಕಾಲೇಜುಗಳು, ಹುಬ್ಬಳ್ಳಿಯ ಆಫೀಸುಗಳು ಪಾರ್ಕಿಂಗ್‌ಗೆ ಖರ್ಚು ಮಾಡುವ ಹಣದಲ್ಲಿ ಸ್ವಲ್ಪವನ್ನು ಸಿಬ್ಬಂದಿಯ ಬಸ್ ಪಾಸಿಗೆ ಹಾಕಿದರೆ ಲೆಕ್ಕದಲ್ಲಿ ಕೂಡಲೇ ಕಾಣುತ್ತದೆ.

ಸೋಲಾರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ನಮ್ಮ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ವರ್ಷಕ್ಕೆ 1,400 ಯೂನಿಟ್‌ನಷ್ಟು ಕೊಡುತ್ತದೆ, ಅಂದರೆ ವರ್ಷಕ್ಕೆ ಒಂದು ಟನ್ ಕಡಿಮೆ. ಸೋರಿಕೆ ಮುಚ್ಚಿದ ಮೇಲೆ ಹಾಕಿಸಿ. ಮೊದಲೇ ಹಾಕಿಸಿದರೆ ಬಿಸಿಲಿನಿಂದ ಬಂದ ಕರೆಂಟೂ ಅದೇ ತೂತಿನಿಂದ ಸೋರಿ ಹೋಗುತ್ತದೆ.

ಮಾನ್ಯರೇ, ಈಗ ಮನಸ್ಸಿಗೆ ಬಹಳ ಹತ್ತಿರದ ವಿಷಯಕ್ಕೆ ಬರುತ್ತೇನೆ. ಜೂನ್ 5 ಬಂತೆಂದರೆ ನಮ್ಮ ಎಲ್ಲ ಸಂಸ್ಥೆಗಳಲ್ಲೂ ಗಿಡ ನೆಡುತ್ತಾರೆ. ಫೋಟೋ ಬರುತ್ತದೆ. ಈಚೆಗೆ ಅದರ ಕೆಳಗೆ "ನಮ್ಮ ಸಂಸ್ಥೆ ಕಾರ್ಬನ್ ನ್ಯೂಟ್ರಲ್", ಅಂದರೆ ಬಿಟ್ಟ ಇಂಗಾಲವನ್ನೆಲ್ಲ ಸರಿದೂಗಿಸಿದೆ, ಎಂದು ಬರೆಯುವುದೂ ಶುರುವಾಗಿದೆ. ಗಿಡ ನೆಡುವುದು ಪುಣ್ಯದ ಕೆಲಸ. ಆದರೆ ಇದು ಲೆಕ್ಕವಲ್ಲ. ಚೆನ್ನಾಗಿ ಬೆಳೆದ ಒಂದು ಮರ ವರ್ಷಕ್ಕೆ 20 ಕಿಲೋ ಹೀರುತ್ತದೆ ಎಂದು ಹಿಡಿದರೂ, ಮೇಲೆ ಹೇಳಿದ 81 ಟನ್‌ನ ಶೆಡ್ಡಿಗೆ 4,000 ಬೆಳೆದ ಮರ ಬೇಕು. ಸಸಿಗಳಲ್ಲ, ಮರಗಳು. ಸಸಿ ಮೊದಲ ವರ್ಷಗಳಲ್ಲಿ ಹೀರುವುದು ತೀರಾ ಕಡಿಮೆ, ಅದರಲ್ಲಿ ಎಷ್ಟು ಮುಂದಿನ ಬೇಸಿಗೆ ದಾಟುತ್ತವೆ ಎಂದು ನಮ್ಮ ಬಯಲುಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಇವತ್ತು ಸುಟ್ಟ ಡೀಸೆಲ್ಲಿನ ಇಂಗಾಲ ಇವತ್ತೇ ಮೇಲೆ ಹೋಗಿದೆ, ಅದು ನೂರಾರು ವರ್ಷ ಅಲ್ಲಿರುತ್ತದೆ.

ಎಲ್ಲಿ ನೆಡುತ್ತೇವೆ ಎನ್ನುವುದೂ ಮುಖ್ಯ. ಹಾವೇರಿ ಜಿಲ್ಲೆಯವರು ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೋಡಿ ಬನ್ನಿ. 1974ರಲ್ಲಿ ಘೋಷಣೆಯಾದ ಜಾಗ ಅದು. ಹುಲ್ಲುಗಾವಲು ಬೇಕಾದ ಪ್ರಾಣಿಯ ಮನೆಯಲ್ಲಿ ನೀಲಗಿರಿ ನೆಡುತೋಪು ಬೆಳೆದು ನಿಂತಿದೆ. ಬಯಲು ಕಂಡ ಕಡೆಯೆಲ್ಲ ಬರಡು ಎಂದುಕೊಂಡು ಮರ ತುಂಬುವುದು ತಪ್ಪು. ಹುಲ್ಲುಗಾವಲು ತನ್ನ ಬೇರುಗಳಲ್ಲಿ, ಮಣ್ಣಿನಲ್ಲಿ ಇಂಗಾಲ ಹಿಡಿದಿಟ್ಟುಕೊಂಡಿರುತ್ತದೆ. 2019ರಲ್ಲಿ ವನ್ಯಜೀವಿ ಧಾಮ ಎಂದು ಘೋಷಣೆಯಾದ ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಲೂ ಇದೇ ಎಚ್ಚರ ಬೇಕು. ಅಲ್ಲಿರುವ ಔಷಧಿ ಗಿಡಗಳನ್ನು, ಕುರುಚಲನ್ನು ಬೆಂಕಿಯಿಂದ ಕಾಯುವುದೇ ದೊಡ್ಡ ಉಪಕಾರ.

ಇನ್ನು ಕಾರ್ಬನ್ ಕ್ರೆಡಿಟ್ ಕೊಳ್ಳುವುದು. ಒಂದು ಕ್ರೆಡಿಟ್ ಅಂದರೆ ಬೇರೆ ಯಾರೋ ಒಂದು ಟನ್ ಇಂಗಾಲ ತಡೆದಿದ್ದಾರೆ, ಅದರ ಹಕ್ಕನ್ನು ನಾವು ಕೊಂಡಿದ್ದೇವೆ ಎಂದು ಅರ್ಥ. ಇಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ನಾವು ದುಡ್ಡು ಕೊಡದಿದ್ದರೂ ಆ ಕೆಲಸ ಆಗುತ್ತಿತ್ತಾ? ಆಗುತ್ತಿತ್ತು ಎಂದರೆ ನಾವು ಕೊಂಡದ್ದು ಬರೀ ಕಾಗದ. ಗದಗಿನ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡಿ ನಮ್ಮವರಿಗೆ ಗಾಳಿ ವಿದ್ಯುತ್ತಿನ ಕ್ರೆಡಿಟ್ ಬಗ್ಗೆ ನಂಬಿಕೆ ಜಾಸ್ತಿ. ಅಗ್ಗವಾಗಿಯೂ ಸಿಗುತ್ತದೆ. ಆದರೆ ಗಾಳಿ, ಸೋಲಾರ್ ಈಗ ತಮ್ಮ ಕಾಲ ಮೇಲೆ ತಾವೇ ನಿಂತಿವೆ. ಕ್ರೆಡಿಟ್ ಹಣ ಇಲ್ಲದಿದ್ದರೂ ಅವು ಆಗುತ್ತವೆ. ಅದಕ್ಕೇ ಕ್ರೆಡಿಟ್‌ಗಳ ಗುಣಮಟ್ಟ ನೋಡುವ ಅಂತರರಾಷ್ಟ್ರೀಯ ಮಂಡಳಿ 2024ರ ಆಗಸ್ಟ್‌ನಲ್ಲಿ ಈಗಿರುವ ನವೀಕರಿಸಬಹುದಾದ ಇಂಧನದ ವಿಧಾನಗಳಿಗೆ ತನ್ನ ಮುದ್ರೆ ಕೊಡಲಿಲ್ಲ. ನಮ್ಮ ಸಣ್ಣ ಉದ್ಯಮಿ ಒಬ್ಬ ಏಜೆಂಟನ ಮಾತು ಕೇಳಿ ಇಂಥ ಕ್ರೆಡಿಟ್ ಕೊಂಡು ಫಾರಂ ತುಂಬಿದರೆ, ಆಚೆ ಕಡೆಯವರು ಅದನ್ನು ತಿರುಗಿಸಿ ಕಳಿಸುತ್ತಾರೆ. ದುಡ್ಡೂ ಹೋಯಿತು, ಹೆಸರೂ ಹೋಯಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಭಾಗದ ಸಣ್ಣ ಸಂಸ್ಥೆಗಳು ಸದ್ಯಕ್ಕೆ ಕ್ರೆಡಿಟ್ ಕೊಳ್ಳುವ ಗೋಜಿಗೆ ಹೋಗಬಾರದು. ಅಳೆಯಬೇಕು, ಇಳಿಸಬೇಕು, ಉಳಿದದ್ದನ್ನು ಉಳಿದಿದೆ ಎಂದೇ ಬರೆಯಬೇಕು. ಊರಿನ ಕೆರೆಗೆ, ಕಪ್ಪತಗುಡ್ಡಕ್ಕೆ, ಹಳ್ಳಿಯ ಗೋಬರ್ ಗ್ಯಾಸ್‌ಗೆ ದುಡ್ಡು ಕೊಡುವವರು ಧಾರಾಳವಾಗಿ ಕೊಡಲಿ. ಅದನ್ನು ಸಹಾಯ ಎಂದು ಬರೆಯಲಿ. 81ರಲ್ಲಿ ಕಳೆದು ಸೊನ್ನೆ ಎಂದು ಬರೆಯುವುದು ಬೇಡ.

ಈಗ ಪಾಲಿಕೆಗೆ ನನ್ನ ಮನವಿ. ಮಹಾಪೌರರೇ, ಆಯುಕ್ತರೇ, ಬೇರೆಯವರಿಗೆ ಲೆಕ್ಕ ಇಡಿ ಎಂದು ಹೇಳುವ ಮೊದಲು ಪಾಲಿಕೆಯ ಲೆಕ್ಕ ಜನರ ಮುಂದೆ ಇರಬೇಕು. ಪ್ರತಿ ವರ್ಷ, ಬಜೆಟ್ ಜೊತೆಯಲ್ಲೇ, ಕನ್ನಡದಲ್ಲಿ, ಎರಡು ಪುಟದಲ್ಲಿ. ಬೀದಿ ದೀಪ, ಕಸದ ಗಾಡಿಗಳ ಡೀಸೆಲ್, ಕಚೇರಿಗಳ ಕರೆಂಟ್ ಎಲ್ಲಕ್ಕೂ ಬಿಲ್ಲುಗಳು ನಿಮ್ಮ ಕಪಾಟಿನಲ್ಲೇ ಇವೆ. ನೀರಿನ ಲೆಕ್ಕ ಸ್ವಲ್ಪ ದೊಡ್ಡದು. ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಅಮ್ಮಿನಬಾವಿಗೆ ಬಂದು, ಶುದ್ಧವಾಗಿ, ಅವಳಿ ನಗರ ಸೇರುವುದು ಪಂಪುಗಳ ಬಲದಿಂದ. ಸಾವಿರ ಲೀಟರ್ ನೀರನ್ನು 100 ಮೀಟರ್ ಎತ್ತಲು ಸುಮಾರು 0.4 ಯೂನಿಟ್ ಬೇಕು. ಅಂದರೆ ಬೀದಿಯಲ್ಲಿ ಒಡೆದು ಹರಿಯುವ ಪೈಪು ನೀರನ್ನಷ್ಟೇ ಅಲ್ಲ, ಕಲ್ಲಿದ್ದಲನ್ನೂ ಚೆಲ್ಲುತ್ತಿದೆ. 2008ರಲ್ಲಿ ನಮ್ಮ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಕೊಟ್ಟು ತೋರಿಸಿದ ಊರು ನಮ್ಮದು. ಸೋರಿಕೆ ತಡೆಯುವುದು ಹೇಗೆಂದು ಇಲ್ಲಿನ ಎಂಜಿನಿಯರುಗಳಿಗೆ ಆಗಲೇ ಗೊತ್ತು. ಸೋರಿಕೆ ಕಡಿಮೆಯಾದಾಗ ಎಷ್ಟು ಟನ್ ಇಂಗಾಲ ಕಡಿಮೆಯಾಯಿತು ಎಂದೂ ಬರೆಯಲಿ.

ಕಾರವಾರ ರಸ್ತೆ ಮತ್ತು ಹೊಸಯಲ್ಲಾಪುರದ ಕಸದ ರಾಶಿಗಳನ್ನು ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ. ಹಸಿ ಕಸ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. 100 ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಮಾಡುತ್ತದೆ, 20 ವರ್ಷದ ಲೆಕ್ಕದಲ್ಲಿ 80 ಪಟ್ಟು. ಕಸದ ರಾಶಿಗೆ ಬೆಂಕಿ ಬಿದ್ದಾಗ ಸುತ್ತಲಿನ ಮನೆಗಳ ಮಕ್ಕಳು ಕೆಮ್ಮುವುದನ್ನು ನಾವು ನೋಡಿದ್ದೇವೆ. ಹೋಟೆಲು, ಕಲ್ಯಾಣ ಮಂಟಪ, ಹಾಸ್ಟೆಲುಗಳ ಹಸಿ ಕಸವನ್ನು ಬೇರೆ ಮಾಡಿ ಗ್ಯಾಸ್ ಘಟಕಕ್ಕೆ ಕಳಿಸುವುದು, ಎಲ್ಲ ಕಾರ್ಬನ್ ಕ್ರೆಡಿಟ್ ಯೋಜನೆಗಳಿಗಿಂತ ನಮ್ಮ ಊರಿಗೆ ಹೆಚ್ಚು ಒಳ್ಳೆಯದು ಮಾಡುತ್ತದೆ.

ಉದ್ಯಮ ಸಂಘಗಳಿಗೆ ನನ್ನ ಬೇಡಿಕೆ ಬೇರೆ. ಒಂದು ಕೋಣೆ ಕೊಡಿ. ಅಲ್ಲಿ ಲೆಕ್ಕ ಬಲ್ಲ ಇಬ್ಬರು ಮೂವರನ್ನು ಕೂರಿಸಿ. ಅಕ್ಕಪಕ್ಕದ ಎಂಜಿನಿಯರಿಂಗ್ ಮತ್ತು ಕಾಮರ್ಸ್ ಕಾಲೇಜುಗಳ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಿ. ಸಣ್ಣ ಶೆಡ್ಡಿನವರು ಹನ್ನೆರಡು ತಿಂಗಳ ಬಿಲ್ಲು ತಂದು ಕೊಟ್ಟರೆ ಕನ್ನಡದಲ್ಲಿ ಲೆಕ್ಕ ಮಾಡಿ, ಕೊಳ್ಳುವವರಿಗೆ ಕಳಿಸಲು ಇಂಗ್ಲಿಷ್ ಪ್ರತಿ ಕೈಗೆ ಕೊಡಿ. ಗಾಳಿ ಸೋರಿಕೆ ಹುಡುಕುವ ಅಲ್ಟ್ರಾಸಾನಿಕ್ ಯಂತ್ರವನ್ನು, ಕರೆಂಟ್ ಅಳೆಯುವ ಪವರ್ ಅನಲೈಸರನ್ನು ಸಂಘವೇ ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡಲಿ. ಒಬ್ಬ ಮಾಲೀಕನಿಗೆ ಅದು ವರ್ಷಕ್ಕೆ ಒಂದು ವಾರ ಸಾಕು, ಹಾಗಿರುವಾಗ ಅವನೊಬ್ಬನೇ ಯಾಕೆ ಕೊಳ್ಳಬೇಕು? ಹೊಸ ಮೋಟರುಗಳನ್ನು ಇಪ್ಪತ್ತು ಜನ ಸೇರಿ ಕೊಂಡರೆ ದರವೂ ಇಳಿಯುತ್ತದೆ.

ಸೇರಿ ಮಾಡುವುದು ನಮಗೆ ಹೊಸದಲ್ಲ. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದು ಎಂದು ಹೆಸರಾಗಿದೆ. ಒಬ್ಬ ರೈತನಿಗೆ ಸಾಲ ಹುಟ್ಟದಿದ್ದಾಗ ಊರು ಸೇರಿ ಹುಟ್ಟಿಸಿಕೊಂಡಿತು. ಸಾಲದ ಜಾಗದಲ್ಲಿ ಈಗ ತಿಳಿವಳಿಕೆ ಬೇಕಾಗಿದೆ. ಮತ್ತೆ ಲೆಕ್ಕದ ವಿಷಯದಲ್ಲೂ ನಾವು ಹಿಂದಿಲ್ಲ. ದೀಪಾವಳಿಗೆ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡಿ ವ್ಯಾಪಾರ ಶುರು ಮಾಡುವ ಪೇಟೆ ನಮ್ಮದು. ಇಂಗಾಲದ ಖಾತೆಯೂ ಅಂಥದ್ದೇ ಒಂದು ಪುಸ್ತಕ, ಬಾಕಿ ಎಷ್ಟಿದೆ ಎಂದು ಅದರಲ್ಲಿ ಸುಳ್ಳು ಬರೆಯಬಾರದು.

ಭಾರತ 2070ರೊಳಗೆ ನಿವ್ವಳ ಸೊನ್ನೆಗೆ (ಬಿಡುವಷ್ಟೇ ಇಂಗಾಲವನ್ನು ಹಿಂದಕ್ಕೆ ಹೀರಿಕೊಳ್ಳುವ ಸ್ಥಿತಿಗೆ) ಬರುವುದಾಗಿ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. 2023ರಲ್ಲಿ ದೇಶದ್ದೇ ಆದ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯೂ ಬಂದಿದೆ. ಅದು ಮೊದಲು ಹಿಡಿಯುವುದು ಸಿಮೆಂಟ್, ಅಲ್ಯೂಮಿನಿಯಂನಂಥ ದೊಡ್ಡ ಉದ್ಯಮಗಳನ್ನು. ನಮ್ಮ ಶೆಡ್ಡುಗಳಿಗೆ ನೇರವಾಗಿ ತಟ್ಟುವ ಮೊದಲು ತಯಾರಾಗಲು ಸ್ವಲ್ಪ ಸಮಯ ಇದೆ. ಆ ಸಮಯವನ್ನು ಬಳಸಿಕೊಳ್ಳೋಣ ಎಂದೇ ಇಷ್ಟು ಉದ್ದ ಬರೆದೆ.

ಪಾಲಿಕೆಯ ಮುಂದಿನ ಬಜೆಟ್ ಸಭೆಗೆ ಮೊದಲು ಹೆಸ್ಕಾಂ ಬಿಲ್ಲು, ಡೀಸೆಲ್ ಖರೀದಿ, ಪಂಪ್‌ಹೌಸ್‌ಗಳ ಮೀಟರ್ ದಾಖಲೆ, ಕಸದ ತೂಕದ ಪುಸ್ತಕ, ಈ ನಾಲ್ಕನ್ನು ಒಂದು ಮೇಜಿನ ಮೇಲೆ ತರಿಸಿ. ಲೆಕ್ಕ ಮಾಡಿಕೊಡಲು ನಾನು ಮತ್ತು ಈ ಕೆಲಸದಲ್ಲಿರುವ ನನ್ನ ಗೆಳೆಯರು ದುಡ್ಡು ಕೇಳದೆ ಬಂದು ಕೂರುತ್ತೇವೆ. ಉದ್ಯಮ ಸಂಘಗಳು ಕೋಣೆ ತೆರೆದರೆ ಶನಿವಾರಗಳನ್ನು ಅದಕ್ಕೇ ಇಡುತ್ತೇವೆ. ದಿನ ಯಾವುದೆಂದು ತಿಳಿಸಿ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಇಂಗಾಲ ಲೆಕ್ಕಿಗ